‘ಫೈನಲ್ ಫ್ಯಾಂಟಸಿ’ಯಲ್ಲಿ ಗುಣಸಂಖ್ಯೆಗಳೂ ಒಂದು ಪರ್ಯಾಯದ್ವೀಪವೂ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಲಿಪಿಕಾರರ ಸ್ಖಾಲಿತ್ಯಗಳು ಹೊಸವಲ್ಲ. ಅವುಗಳಲ್ಲಿ ಯಾವುದನ್ನು ತಿದ್ದಬೇಕು, ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆಯು ಓಲೆಗರಿಗೆ ಮಾತ್ರ ಸಂಬಂಧಿಸಿದುದಲ್ಲ. ಗಣಕಯಂತ್ರದ ಆಟಗಳಲ್ಲಿಯೂ ಅದು ತಲೆದೋರುವುದು. ಇದಕ್ಕೆ ನಿದರ್ಶನವಾಗಿ ಜಪಾನಿನ ಸ್ಕ್ವೇರ್ ಸಂಸ್ಥೆಯವರು 1987ನೆಯ ಇಸವಿ ಡಿಸೆಂಬರಿನಲ್ಲಿ ಫ್ಯಾಮಿಕಾಂ ಯಂತ್ರಕ್ಕಾಗಿ ಹೊರಡಿಸಿದ ‘ಫೈನಲ್ ಫ್ಯಾಂಟಸಿ’ಯನ್ನು ವಿಚಾರಿಸಬಹುದು. ಇದರ ಕಲ್ಪನೆ ಹಿರೊನೊಬು ಸಕಾಗುಚಿಯವರದು. ಯಂತ್ರವು ನಡೆಸುವ ಆಜ್ಞಾವಳಿಯನ್ನು ಬರೆದವರು ನಾಸಿರ್ ಗೆಬೆಲ್ಲಿಯವರು.

ಆಟಗಾರನು ಆರು ವೃತ್ತಿಗಳಿಂದ ನಾಲ್ವರು ವೀರರನ್ನು ಆರಿಸಿಕೊಳ್ಳುತ್ತಾನೆ. ಪ್ರತಿಯೊಬ್ಬನಿಗೂ ಬಲ, ಚುರುಕು, ಬುದ್ಧಿ, ದೇಹದಾರ್ಢ್ಯ, ಅದೃಷ್ಟ ಎಂಬ ಐದು ಗುಣಗಳು ಸಂಖ್ಯಾರೂಪದಲ್ಲಿರುವುವು. ಆಯುಧ ಹಿಡಿದವನ ಬಲದ ಅರ್ಧವು ಆಯುಧದ ಶಕ್ತಿಯೊಡನೆ ಕೂಡುವುದು. ಚುರುಕು ಶತ್ರುವಿನ ಏಟನ್ನು ತಪ್ಪಿಸುವುದಕ್ಕೂ, ಅದೃಷ್ಟವು ಯುದ್ಧದಿಂದ ಪಲಾಯನ ಮಾಡುವುದಕ್ಕೂ ಒದಗುತ್ತವೆ. ಬುದ್ಧಿಯಾದರೋ ಯಾವುದಕ್ಕೂ ಒದಗುವುದಿಲ್ಲ! ಮಂತ್ರದ ಪರಿಣಾಮವನ್ನು ಗಣಿಸುವೆಡೆಯಲ್ಲಿ ಆಜ್ಞಾವಳಿಯು ಆ ಸಂಖ್ಯೆಯನ್ನು ನೋಡುವುದೇ ಇಲ್ಲ. ಅದುಕಾರಣ ಬುದ್ಧಿ ಹೆಚ್ಚಾದ ಕೃಷ್ಣಮಾಂತ್ರಿಕನೂ, ಅದು ಕಡಿಮೆಯಾದ ರಕ್ತಮಾಂತ್ರಿಕನೂ ಒಂದೇ ಅಗ್ನಿಮಂತ್ರವನ್ನು ಪ್ರಯೋಗಿಸಿದರೆ ಫಲದಲ್ಲಿ ತಾರತಮ್ಯವಿಲ್ಲ. ಆಯುಧಗಳ ವಿಷಯದಲ್ಲಿಯೂ ಇಂತಹುದೇ ಒಂದು ಪ್ರಮಾದವುಂಟು: ಮರ್ಮಾಘಾತದ ಸಂಭವವನ್ನು ಎಣಿಸುವಾಗ ಪ್ರತಿ ಆಯುಧಕ್ಕೂ ಬೇರೆಯಾಗಿ ಗೊತ್ತುಮಾಡಿದ ಬೆಲೆಯನ್ನು ಬಿಟ್ಟು, ಪಟ್ಟಿಯಲ್ಲಿ ಅದರ ಕ್ರಮಾಂಕವನ್ನೇ ತೆಗೆದುಕೊಳ್ಳಲಾಗಿದೆ.

ಇನ್ನು ಸಂಚಾರದ ವಿಷಯ. ಆಟದ ಭೂಪಟವು ಉದ್ದಗಲಗಳಲ್ಲಿ 256 ಮನೆಗಳುಳ್ಳದ್ದು. ಎಲ್ಲೆಲ್ಲಿ ಯಾವ ಯಾವ ಮೃಗಗಳು ಎದುರಾಗತಕ್ಕವು ಎಂಬುದನ್ನು ಗೊತ್ತುಮಾಡಲು ಇದನ್ನು 32 ಮನೆಗಳ ಪಾರ್ಶ್ವವುಳ್ಳ 64 ಚೌಕಗಳಾಗಿ ವಿಭಾಗಿಸಿದ್ದಾರೆ. ಚೌಕದ ಗೆರೆಯು ಕಡಲನ್ನಾಗಲಿ ಕರೆಯನ್ನಾಗಲಿ ಅರಿಯದು. ಪ್ರವೋಕವೆಂಬ ಪಟ್ಟಣದ ಈಶಾನ್ಯದಲ್ಲಿರುವ ಪರ್ಯಾಯದ್ವೀಪದ ತುದಿಯು ಈ ಕಾರಣದಿಂದಲೇ ನೆರೆಯ ಚೌಕಕ್ಕೆ ಸೇರಿಹೋಗಿದೆ. ಆ ಚೌಕದ ಮೃಗಗಳು ಆಟದ ಬಹು ಮುಂದಿನ ಘಟ್ಟಕ್ಕೆ ತಕ್ಕವು. ಆರಂಭದಶೆಯ ವೀರರು ಅಲ್ಲಿ ಕಾಲಿಟ್ಟರೆ ಪ್ರಾಣಾಪಾಯ. ಗೆದ್ದರೆ ಅನುಭವವೂ ಹೊನ್ನೂ ವಿಪುಲವಾಗಿ ಲಭಿಸುವುವು. ಆಟಗಾರರು ಇದನ್ನು ‘ಶಕ್ತಿಯ ಪರ್ಯಾಯದ್ವೀಪ’ವೆಂದು ಕರೆದರು.

ಮುಂದೆ ಈ ಕೃತಿಯು ಬೇರೆ ಯಂತ್ರಗಳಿಗೆ ಪುನಃ ಸಿದ್ಧವಾದಾಗ ಈ ಎರಡಕ್ಕೂ ಒಂದೇ ಗತಿಯಾಗಲಿಲ್ಲ. 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕಾಗಿ ಹೊರಟ ಆವೃತ್ತಿಯಲ್ಲಿ ಬುದ್ಧಿಯು ಮಂತ್ರಬಲದೊಡನೆ ಸಂಬಂಧ ಪಡೆಯಿತು. ಪರ್ಯಾಯದ್ವೀಪವಾದರೋ ಹಾಗೆಯೇ ಉಳಿಯಿತು. ಈ ವಿವೇಚನೆ ಯುಕ್ತವೆಂದೇ ಹೇಳಬೇಕು. ‘ಬುದ್ಧಿ’ ಎಂಬುದು ಆಟವೇ ಆಡಿದ ಮಾತು. ಮಾತು ನಡೆಯದಿದ್ದಲ್ಲಿ ಅದನ್ನು ನಡೆಯಿಸುವುದು ಕೃತಿಯ ಆಶಯಕ್ಕೆ ಅನುಗುಣವಾದ ತಿದ್ದುಪಡಿ. ಪರ್ಯಾಯದ್ವೀಪವು ಯಾವ ಮಾತಿಗೂ ವಿರುದ್ಧವಾದುದಲ್ಲ. ಚೌಕಗಳ ನಿಯಮದಿಂದಲೇ ಹುಟ್ಟಿ, ಆಡುವವರ ಸಂಪ್ರದಾಯದಲ್ಲಿ ಬೇರೂರಿದ ಪಾಠವದು.

ಆದರೂ ಒಂದು ಎಚ್ಚರ ಅವಶ್ಯಕ. ಪರಿಷ್ಕೃತ ಪ್ರತಿಯೊಂದನ್ನೇ ನೋಡಿದವನಿಗೆ 1987ರ ಕೃಷ್ಣಮಾಂತ್ರಿಕನ ಬುದ್ಧಿಯು ಬರಿಯ ಅಂಕಿಯಾಗಿತ್ತೆಂಬುದು ತಿಳಿಯಲಾರದು. ಆದುದರಿಂದ ತಿದ್ದುವವನು ತಿದ್ದಲಿ. ಮೂಲಪಾಠವನ್ನು ಮಾತ್ರ ಅಳಿಸದೆ ಕಾಪಾಡಲಿ. ಕಾವ್ಯಕ್ಕೆ ಸಲ್ಲುವ ಈ ನ್ಯಾಯವು ಆಟಕ್ಕೂ ಸಲ್ಲತಕ್ಕುದು.