ಹಾಲಿನ ಕಂಪನಿ ಹುಡುಕಿದ ಮೂಳೆಯ ಗುಟ್ಟು

ಹಾಲು, ಬೆಣ್ಣೆ ಮಾರುವ ಕಂಪನಿಗೆ ಮೂಳೆಯ ಉಸಾಬರಿ ಯಾಕೆ? ಯಾರಾದರೂ ಕೇಳುವ ಮಾತೇ. ಆದರೆ ಜಪಾನಿನ ಸ್ನೋ ಬ್ರ್ಯಾಂಡ್ ಮಿಲ್ಕ್ ಪ್ರಾಡಕ್ಟ್ಸ್ ಎಂಬ ಡೇರಿ ಸಂಸ್ಥೆಯ ವಿಜ್ಞಾನಿಗಳು ಮಾನವ ಭ್ರೂಣದ ಶ್ವಾಸಕೋಶದ ಕೋಶಗಳನ್ನು ಬೆಳೆಸಿದ ದ್ರವವನ್ನು ಸೋಸಿ ಸೋಸಿ, ಮೂಳೆ ಕರಗಿಸುವ ಕೋಶಗಳು ಹುಟ್ಟದಂತೆ ತಡೆಯುವ ಪ್ರೋಟೀನೊಂದನ್ನು ಹೊರತೆಗೆದರು. ಅದು 1997. ಅದೇ ವರ್ಷ ಅಮೆರಿಕದ ಆಮ್ಜೆನ್ ಕಂಪನಿಯೂ ಬೇರೊಂದು ದಾರಿಯಲ್ಲಿ ಅದನ್ನೇ ಮುಟ್ಟಿತ್ತು. ಕೆಲಸ ಏನೆಂದು ಗೊತ್ತಿಲ್ಲದ ಜೀನ್‌ಗಳನ್ನು ಇಲಿಗಳಿಗೆ ಸೇರಿಸಿ ನೋಡುತ್ತಿದ್ದವರಿಗೆ, ಒಂದು ಜೀನ್ ಪಡೆದ ಇಲಿಗಳ ಎಕ್ಸ್‌ರೇಯಲ್ಲಿ ಮೂಳೆಗಳು ವಿಪರೀತ ದಟ್ಟವಾಗಿ ಕಂಡವು. ಆ ಪ್ರೋಟೀನೇ ಆಸ್ಟಿಯೋಪ್ರೊಟೆಜೆರಿನ್. ನಾಲಗೆ ಹೊರಳದವರಿಗೆ ಓಪಿಜಿ.

ಮೂಳೆಯಲ್ಲಿ ರಿಪೇರಿ ನಿಲ್ಲುವುದೇ ಇಲ್ಲ. ಆಸ್ಟಿಯೋಕ್ಲಾಸ್ಟ್ ಕೋಶಗಳು ಆಮ್ಲ ಸುರಿಸಿ ಹಳೆಯದನ್ನು ಕರಗಿಸುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತವೆ. ಸೋಜಿಗವೆಂದರೆ, ಕೆಡವುವವರಿಗೆ ಅಪ್ಪಣೆ ಕೊಡುವುದೂ ಕಟ್ಟುವವರ ಬಳಗವೇ. ಆ ಅಪ್ಪಣೆಯ ಹೆಸರು ರ‍್ಯಾಂಕ್‌ಎಲ್. ಓಪಿಜಿ ಅದನ್ನು ದಾರಿಯಲ್ಲೇ ಹಿಡಿದುಹಾಕುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದಾಗ ರ‍್ಯಾಂಕ್‌ಎಲ್ ಕೈ ಮೇಲಾಗುತ್ತದೆ. ಬಚ್ಚಲಲ್ಲಿ ಜಾರಿದ ಅಜ್ಜಿಯ ಸೊಂಟ ಮುರಿಯುವುದರ ಹಿಂದೆ ಈ ಲೆಕ್ಕವೂ ಇರುತ್ತದೆ.

ಟೋಕಿಯೊದಲ್ಲಿ ತತ್ಸುವೊ ಸುಡಾ ಅವರ ತಂಡ 1988ರಲ್ಲಿ ಆಸ್ಟಿಯೋಬ್ಲಾಸ್ಟ್‌ಗಳನ್ನೂ ರಕ್ತಮೂಲದ ಕೋಶಗಳನ್ನೂ ಜೊತೆಗಿಟ್ಟು ಆಸ್ಟಿಯೋಕ್ಲಾಸ್ಟ್ ಬೆಳೆಸಿತ್ತು. ಹತ್ತು ವರ್ಷದ ನಂತರ, ಓಪಿಜಿಯನ್ನೇ ಗಾಳವಾಗಿಸಿ ರ‍್ಯಾಂಕ್‌ಎಲ್ ಹಿಡಿದಾಗ ಆ ಜೋಡಿಯ ಹಂಗು ತಪ್ಪಿತು. ಜೀನನ್ನು ಬ್ಯಾಕ್ಟೀರಿಯಾಕ್ಕೋ ಸಸ್ತನಿಯ ಕೋಶಕ್ಕೋ ಸೇರಿಸಿ ತಯಾರಿಸಿದ ರೀಕಾಂಬಿನೆಂಟ್ ರ‍್ಯಾಂಕ್‌ಎಲ್ ಈಗ ಪುಟ್ಟ ಟ್ಯೂಬಿನಲ್ಲಿ ಸಿಗುತ್ತದೆ. ಹತ್ತು ಮೈಕ್ರೋಗ್ರಾಂ ಒಣಪುಡಿ ಎಂದರೆ ಕಣ್ಣಿಗೆ ಬೀಳುವುದೇ ಅನುಮಾನ. ಹೊಸ ವಿದ್ಯಾರ್ಥಿ ಟ್ಯೂಬ್ ಖಾಲಿ ಎಂದೇ ತಿಳಿದಾನು. ಮುಚ್ಚಳ ತೆರೆಯುವ ಮುನ್ನ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳಕ್ಕಿಳಿಸಬೇಕು, ಕರಗಿಸಿ ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರ್‌ನಲ್ಲಿಡಬೇಕು. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಪ್ರೋಟೀನ್ ಕೆಡುತ್ತದೆ. ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದಾದರೆ ಇನ್ನೊಂದು ತಲೆನೋವು: ಉಳಿದುಬಂದ ಎಂಡೋಟಾಕ್ಸಿನ್ ರಕ್ತಮೂಲದ ಕೋಶಗಳನ್ನು ತಾನೇ ಕೆಣಕುತ್ತದೆ. ಕಂಡ ಫಲಿತಾಂಶ ಯಾರದ್ದು ಎಂದು ಆಮೇಲೆ ಜಗಳ. ನನ್ನ ಕೇಳಿದರೆ, ಬೆಲೆಗಿಂತ ಮೊದಲು ಆ ಎಂಡೋಟಾಕ್ಸಿನ್ ಅಂಕಿ ನೋಡಬೇಕು.

ಎಂ-ಸಿಎಸ್‌ಎಫ್ ಎಂಬ ಇನ್ನೊಂದು ಪ್ರೋಟೀನ್ ಜೊತೆ ರ‍್ಯಾಂಕ್‌ಎಲ್ ಉಣಿಸಿದರೆ ಕೆಲವೇ ದಿನಗಳಲ್ಲಿ ರಕ್ತಮೂಲದ ಬಿಡಿ ಕೋಶಗಳು ಒಂದರೊಳಗೊಂದು ಬೆರೆತು ದೊಡ್ಡ ಆಸ್ಟಿಯೋಕ್ಲಾಸ್ಟ್‌ಗಳಾಗುತ್ತವೆ. ಟ್ರಾಪ್ ಬಣ್ಣ ಹಾಕಿದರೆ ದ್ರಾಕ್ಷಾರಸದ ಕೆಂಪು. ಒಂದರಲ್ಲಿ ಮೂರೋ ಹೆಚ್ಚೋ ಕೋಶಕೇಂದ್ರಗಳಿದ್ದರೆ ಎಣಿಕೆಗೆ ಸೇರಿತು. ತಟ್ಟೆಯ ಪಕ್ಕದ ಗುಂಡಿಗೆ ಓಪಿಜಿಯನ್ನೂ ಬೆರೆಸಿದ್ದರೆ ಅಲ್ಲಿ ಆ ಕೆಂಪು ಮೂಡುವುದಿಲ್ಲ.

ಹಾಗಾದರೆ ಓಪಿಜಿಯನ್ನೇ ಚುಚ್ಚಬಹುದಲ್ಲ? ಮನುಷ್ಯರಲ್ಲಿ ಪ್ರಯೋಗವೂ ನಡೆದಿತ್ತು. ಆದರೆ ಅದು ಟ್ರೇಲ್ ಎಂಬ ಮತ್ತೊಂದು ಪ್ರೋಟೀನಿಗೂ ಅಂಟಿಕೊಳ್ಳುತ್ತದೆ. ಹೀಗಾಗಿ ರ‍್ಯಾಂಕ್‌ಎಲ್ ಒಂದನ್ನೇ ಹಿಡಿಯುವ ಪ್ರತಿಕಾಯ ಡೆನೊಸುಮಾಬ್ 2010ರಲ್ಲಿ ಔಷಧವಾಯಿತು. ಆಸ್ಟಿಯೋಪೊರೋಸಿಸ್‌ಗೆ ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ. ಬೆಂಗಳೂರಿನ ಬಯೋಕಾನ್ ಬಯೋಲಾಜಿಕ್ಸ್‌ನ ಸಮರೂಪ ಔಷಧಕ್ಕೂ 2025ರಲ್ಲಿ ಐರೋಪ್ಯ ಒಕ್ಕೂಟದ ಅನುಮತಿ ಸಿಕ್ಕಿತು. ಡೆನೊಸುಮಾಬ್ ಅನ್ನು ಮಧ್ಯೆ ಕೈಬಿಟ್ಟರೆ ಕರಗುವಿಕೆ ಒಮ್ಮೆಲೇ ಮರುಕಳಿಸಿ ಬೆನ್ನುಮೂಳೆ ಮುರಿದ ಉದಾಹರಣೆಗಳಿವೆ. ಅದಕ್ಕೇ ನಿಲ್ಲಿಸುವಾಗ ವೈದ್ಯರು ಬೇರೊಂದು ಔಷಧಕ್ಕೆ ದಾಟಿಸುತ್ತಾರೆ.

ಔಷಧ ಬಂತೆಂದು, ರ‍್ಯಾಂಕ್‌ಎಲ್‌ನಂತೆಯೇ ಪ್ರಯೋಗಾಲಯಕ್ಕೆ ಸಿಗುವ ಓಪಿಜಿಯ ಟ್ಯೂಬುಗಳಿಗೆ ಬೇಡಿಕೆ ನಿಂತಿಲ್ಲ. 1998ರಲ್ಲಿ ಓಪಿಜಿ ಜೀನ್ ಕಿತ್ತುಹಾಕಿದ ಇಲಿಗಳ ಮೂಳೆ ಸವೆದಿದ್ದಷ್ಟೇ ಅಲ್ಲ, ರಕ್ತನಾಳಗಳಲ್ಲಿ ಸುಣ್ಣ ಕಟ್ಟಿತ್ತು. ಮೂಳೆಯಿಂದ ಹೋದದ್ದು ನಾಳಕ್ಕೆ ಬಂದಂತೆ. ಹೃದಯದ ಜಾಡು ಹಿಡಿದವರೂ ಈಗ ಅದೇ ಟ್ಯೂಬಿನ ಗಿರಾಕಿಗಳು.