ಡೀಸೆಲ್‌ನಲ್ಲಿ ಸೇರಿದ ನೀರನ್ನು ಬೇರ್ಪಡಿಸುವುದು ಹೇಗೆ?

ಬಿತ್ತನೆಗೆ ಭೂಮಿ ಹದವಾಗಿರುವಾಗ ಟ್ರ್ಯಾಕ್ಟರ್ ನಿಂತುಬಿಟ್ಟರೆ ಆಗುವ ನಷ್ಟ ರೈತ ಬಾಂಧವರಿಗೆ ತಿಳಿಯದ್ದೇನಲ್ಲ. ಇಂತಹ ತೊಂದರೆಗೆ ಡೀಸೆಲ್‌ನಲ್ಲಿ ಸೇರಿದ ನೀರೂ ಒಂದು ಕಾರಣ.

ನೀರು ಎಲ್ಲಿಂದ ಬರುತ್ತದೆ?

ಅರ್ಧ ಖಾಲಿಯಾದ ಟ್ಯಾಂಕಿನ ಗಾಳಿಯಲ್ಲಿರುವ ತೇವವು ರಾತ್ರಿಯ ತಂಪಿಗೆ ಹನಿಗಟ್ಟಿ ಡೀಸೆಲ್‌ಗೆ ಇಳಿಯುತ್ತದೆ. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಪೀಪಾಯಿಯ ಮೇಲೆ ಮಳೆನೀರು ನಿಂತು ಮುಚ್ಚಳದ ಸಂದಿನಿಂದ ಒಳಗೆ ಜಿನುಗುತ್ತದೆ.

ಇದರಿಂದಾಗುವ ಹಾನಿ

ಇಂಜೆಕ್ಷನ್ ಪಂಪಿನ ಭಾಗಗಳ ನಡುವಣ ಸಂದು ಕೆಲವೇ ಮೈಕ್ರಾನ್‌ಗಳಷ್ಟು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಈ ಭಾಗಗಳಿಗೆ ಡೀಸೆಲ್ಲೇ ಕೀಲೆಣ್ಣೆ. ನೀರು ಹೊಕ್ಕರೆ ಅವು ಒಣಗಿ ಉಜ್ಜಿ ಸವೆಯುತ್ತವೆ, ತುಕ್ಕು ಹಿಡಿಯುತ್ತವೆ. ನೀರು ಮತ್ತು ಡೀಸೆಲ್ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಅವುಗಳ ಲೋಳೆ ಫಿಲ್ಟರನ್ನು ಕಟ್ಟಿಸುತ್ತದೆ.

ಎಳೆಗಳ ಕೆಲಸ

ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ. ಆದರೆ ಸಣ್ಣ ಹನಿಗಳು ಬಲು ನಿಧಾನ. 100 ಮೈಕ್ರಾನ್ ಅಗಲದ ಹನಿ ಗಂಟೆಗೆ ಸುಮಾರು ಒಂದು ಮೀಟರ್ ಇಳಿದರೆ, 10 ಮೈಕ್ರಾನಿನ ಹನಿ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಅಂದರೆ ಹನಿ ಹತ್ತು ಪಟ್ಟು ದಪ್ಪವಾದರೆ ನೂರು ಪಟ್ಟು ಬೇಗ ಇಳಿಯುತ್ತದೆ.

ನೀರು ಬೇರ್ಪಡಿಸುವ ಫಿಲ್ಟರಿನ ಗುಟ್ಟು ಇದೇ. ಅದರ ನವಿರಾದ ಎಳೆಗಳ ನಡುವೆ ಡೀಸೆಲ್ ಹಾಯುವಾಗ ಸಣ್ಣ ಹನಿಗಳು ಎಳೆಗೆ ಅಂಟಿಕೊಳ್ಳುತ್ತವೆ. ಹಿಂದೆ ಬಂದ ಹನಿಗಳು ಇವುಗಳೊಡನೆ ಕೂಡಿ ದಪ್ಪಗಾಗುತ್ತವೆ. ಕೊನೆಗೆ ಎಳೆಯಿಂದ ಕಳಚಿ, ತಮ್ಮ ಭಾರಕ್ಕೆ ತಾವೇ ಕೆಳಗಿನ ಬಟ್ಟಲಿಗೆ ಇಳಿಯುತ್ತವೆ. ಹೊಂಗೆ ಮುಂತಾದ ಎಣ್ಣೆಗಳಿಂದ ಮಾಡಿದ ಜೈವಿಕ ಡೀಸೆಲ್ ಬೆರೆಸಿದ್ದರೆ ಹನಿಗಳು ಕೂಡುವುದು ಕಷ್ಟ. ಆಗ ಹೆಚ್ಚಿನ ನಿಗಾ ಬೇಕು.

ಹಳೆಯ ಪಂಚೆಯಲ್ಲಿ ಸೋಸಿದರೆ ಸಾಲದೇ ಎಂದು ತಾವು ಕೇಳಬಹುದು. ಬಟ್ಟೆ ಕಸವನ್ನು ತಡೆದೀತು, ಸಣ್ಣ ಹನಿಗಳನ್ನು ತಡೆಯದು. ಅದರ ನೂಲೇ ಬಿಚ್ಚಿ ಡೀಸೆಲ್‌ಗೆ ಸೇರುವುದೂ ಉಂಟು.

ತಾವು ಅನುಸರಿಸಬೇಕಾದ ಕ್ರಮಗಳು

1. ಪೀಪಾಯಿಯನ್ನು ನೆರಳಿನಲ್ಲಿ ಸ್ವಲ್ಪ ಓರೆಯಾಗಿಡಿ. ಕನಿಷ್ಠ 24 ಗಂಟೆ ಅಲುಗಿಸದೆ ಬಿಟ್ಟು, ತಳದ ಡೀಸೆಲ್ಲನ್ನು ಬಿಟ್ಟು ಮೇಲಿನದನ್ನಷ್ಟೇ ಬಳಸಿ.

2. ದಿನದ ಕೆಲಸ ಮುಗಿದ ಮೇಲೆ ಸಂಜೆಯೇ ಟ್ಯಾಂಕು ತುಂಬಿಸಿ.

3. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಬಟ್ಟಲಿನ ತಿರುಪು ಸಡಿಲಿಸಿ, ಶುದ್ಧ ಡೀಸೆಲ್ ಬರುವವರೆಗೆ ನೀರನ್ನು ಹೊರಬಿಡಿ. ಬಟ್ಟಲು ತುಂಬಿದರೆ ನೀರು ಮತ್ತೆ ಎಂಜಿನ್ ಕಡೆಗೇ ಹೋಗುತ್ತದೆ.

4. ಹೀಗೆ ತೆಗೆದ ನೀರನ್ನು ಬಾವಿ, ಕಾಲುವೆಗಳ ಬಳಿ ಚೆಲ್ಲಬೇಡಿ.

5. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕಬೇಡಿ. ಕೈಪಿಡಿಯಲ್ಲಿ ಹೇಳಿದ ಗಂಟೆಗಳಿಗೆ ಸರಿಯಾಗಿ ಬದಲಿಸಿ, ಬದಲಿಸಿದ ಮೇಲೆ ಕೊಳವೆಯ ಗಾಳಿಯನ್ನು ಹೊರಹಾಕಿ.

ಫಿಲ್ಟರ್ ಎಷ್ಟೇ ಉತ್ತಮವಾಗಿದ್ದರೂ ಬಟ್ಟಲನ್ನು ಖಾಲಿ ಮಾಡುವ ಕೆಲಸ ತಮ್ಮದೇ. ದಿನವೂ ಎರಡು ನಿಮಿಷ ಇದಕ್ಕೆ ಕೊಟ್ಟರೆ ಪಂಪು, ನಾಜಲ್‌ಗಳ ಬಾಳಿಕೆ ಹೆಚ್ಚುತ್ತದೆ, ರಿಪೇರಿಯ ಖರ್ಚೂ ಉಳಿಯುತ್ತದೆ.