ಕವಲೊಡೆದ ಕಥೆಯ ರಸಿಕರು

"ಅಭಿಮಾನಿ" ಎಂಬ ಮಾತಿಗೆ ಕನ್ನಡದಲ್ಲಿ ವಿಶೇಷವಾದೊಂದು ಅರ್ಥ ಬಂದಿದೆ. ಸಂಸ್ಕೃತದಲ್ಲಿ ಅಭಿಮಾನವೆಂದರೆ ಮುಖ್ಯವಾಗಿ ತನ್ನ ಮೇಲಿನ ಹೆಮ್ಮೆ. ನಮ್ಮಲ್ಲಿ ಅದು ಇನ್ನೊಬ್ಬರ ಮೇಲಿನ ಪ್ರೀತಿಯಾಯಿತು. ನಟ ರಾಜಕುಮಾರ್ ಅವರು ತಮ್ಮ ಪ್ರೇಕ್ಷಕರನ್ನು "ಅಭಿಮಾನಿ ದೇವರುಗಳು" ಎಂದು ಕರೆದು ಆ ಮಾತನ್ನು ಇನ್ನೂ ಒಂದು ಮೆಟ್ಟಿಲು ಮೇಲಕ್ಕೇರಿಸಿದರು. ಜಪಾನೀ ಭಾಷೆಯಲ್ಲಿ ಇದಕ್ಕೆ ಸಮೀಪವಾದ ಮಾತು "ಒತಾಕು". ಅದರ ಮೂಲಾರ್ಥ "ತಮ್ಮ ಮನೆ". ಎದುರಿಗಿರುವವರನ್ನು ಮರ್ಯಾದೆಯಿಂದ "ತಾವು" ಎನ್ನುವುದಕ್ಕೆ ಸಲ್ಲುವ ಮಾತು. ಚಿತ್ರಕಥೆಗಳ ಗೀಳು ಹಿಡಿದ ತರುಣರು ಪರಸ್ಪರ ಹಾಗೆ ಕರೆದುಕೊಳ್ಳುತ್ತಿದ್ದುದನ್ನು ಕಂಡು 1983ರಲ್ಲಿ ಒಬ್ಬ ಅಂಕಣಕಾರ ಆ ಮಾತನ್ನೇ ಅವರಿಗೆ ಹೆಸರಾಗಿ ಅಂಟಿಸಿದ. ನಮ್ಮ ಮಾತು ಗೌರವದ ಕಡೆಗೆ ನಡೆಯಿತು. ಅವರ ಮಾತು ಮೂದಲಿಕೆಯ ಕಡೆಗೆ ನಡೆಯಿತು. ಎರಡರ ನಡುವೆ ಅಲಂಕಾರಶಾಸ್ತ್ರವು ನಮಗೆ ಕೊಟ್ಟಿರುವ ಮತ್ತೊಂದು ಮಾತುಂಟು: ರಸಿಕ. ಜಪಾನಿನ ದೃಶ್ಯಕಾದಂಬರಿಗಳನ್ನು ಹಚ್ಚಿಕೊಂಡಿರುವ ನಮ್ಮ ಊರುಗಳ ಹುಡುಗರನ್ನು ಈ ಮೂರರಲ್ಲಿ ಯಾವ ಹೆಸರಿನಿಂದ ಕರೆಯಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ದೃಶ್ಯಕಾದಂಬರಿ ಎಂದರೇನೆಂದು ಮೊದಲು ಹೇಳಬೇಕು. ಗಣಕಯಂತ್ರದ ಪರದೆಯ ಮೇಲೆ ಒಂದು ಹಿನ್ನೆಲೆಯ ಚಿತ್ರ: ಶಾಲೆಯ ಕೊಠಡಿಯೋ, ರೈಲು ನಿಲ್ದಾಣವೋ, ಸಂಜೆಯ ಬೆಟ್ಟವೋ. ಅದರ ಮುಂದೆ ಮಾತಾಡುತ್ತಿರುವ ಪಾತ್ರದ ನಿಂತ ಚಿತ್ರ. ಮಾತಿನ ಭಾವಕ್ಕೆ ತಕ್ಕಂತೆ ಹುಬ್ಬು, ಕಣ್ಣು, ತುಟಿ ಬದಲಾಗುತ್ತವೆ. ಕೆಳಗೆ ಒಂದು ಚೌಕಟ್ಟಿನಲ್ಲಿ ಮೂರು ನಾಲ್ಕು ಸಾಲು ಬರಹ. ಹಿಂದಿನಿಂದ ಸಂಗೀತ, ಕೆಲವುದರಲ್ಲಿ ನಟರ ದನಿಯೂ ಉಂಟು. ಓದುಗ ಸಾಲನ್ನು ಓದಿ ಗುಂಡಿಯನ್ನೊತ್ತಿದರೆ ಮುಂದಿನ ಸಾಲು ಬರುತ್ತದೆ. ಹೀಗೆ ಹತ್ತಾರು ಗಂಟೆಗಳ ಓದು. ನಡುನಡುವೆ ಕಥೆ ನಿಂತು ಓದುಗನನ್ನೇ ಕೇಳುತ್ತದೆ: ಈಗ ಅವಳ ಹಿಂದೆ ಹೋಗುವೆಯೋ, ಇಲ್ಲಿಯೇ ನಿಲ್ಲುವೆಯೋ? ಉತ್ತರಕ್ಕೆ ತಕ್ಕಂತೆ ಕಥೆ ಕವಲೊಡೆಯುತ್ತದೆ. ಒಂದು ಕವಲು ಮದುವೆಯಲ್ಲಿ ಮುಗಿದರೆ ಇನ್ನೊಂದು ಮರಣದಲ್ಲಿ ಮುಗಿಯಬಹುದು. ಓದುಗ ಹಿಂದಕ್ಕೆ ಬಂದು ಮತ್ತೊಂದು ದಾರಿಯನ್ನು ಹಿಡಿಯುತ್ತಾನೆ.

"ಕಾದಂಬರಿ" ಎಂಬ ಹೆಸರು ಇದಕ್ಕೆ ಒಪ್ಪುತ್ತದೆಯೇ ಎಂದು ಕೆಲವರು ಸಂಶಯಪಡಬಹುದು. ಸ್ವಲ್ಪ ಯೋಚಿಸಿದರೆ ಬೇರೆ ಯಾವ ಹೆಸರೂ ಇಷ್ಟು ಒಪ್ಪಲಾರದೆನಿಸುತ್ತದೆ. ನಾವು ಈ ಸಾಹಿತ್ಯಪ್ರಕಾರಕ್ಕೆ ಬಾಣಭಟ್ಟನ ಕೃತಿಯ ಹೆಸರನ್ನೇ ಇಟ್ಟುಕೊಂಡವರು. ನಾಗವರ್ಮ ಕನ್ನಡಕ್ಕೆ ತಂದ ಆ ಕಥೆಯಾದರೂ ಎಂಥದು? ಒಂದು ಗಿಳಿ ಹೇಳುವ ಕಥೆಯೊಳಗೆ ಇನ್ನೊಂದು ಕಥೆ. ಅದೇ ಪ್ರಣಯಿಗಳು ಜನ್ಮ ಬದಲಿಸಿ ಮತ್ತೆ ಕೂಡಬೇಕಾದ ಕಥೆ. ಒಂದೇ ಜೀವಕ್ಕೆ ಹಲವು ಬದುಕು ಎಂಬ ಕಲ್ಪನೆ ನಮ್ಮ "ಕಾದಂಬರಿ" ಎಂಬ ಮಾತಿನೊಳಗೇ ಅಡಗಿದೆ.

ಈ ಕಲೆಯ ಹುಟ್ಟನ್ನು ಸಂಕ್ಷೇಪವಾಗಿ ನೋಡಬಹುದು. 1930ರ ದಶಕದ ಜಪಾನಿನಲ್ಲಿ ಸೈಕಲ್ಲಿನ ಮೇಲೆ ಮಿಠಾಯಿ ಮಾರುತ್ತ ಬರುವವರು, ಮರದ ಚೌಕಟ್ಟಿನಲ್ಲಿ ಒಂದರ ಹಿಂದೊಂದು ಚಿತ್ರವನ್ನು ಸರಿಸುತ್ತ ಮಕ್ಕಳಿಗೆ ಕಥೆ ಹೇಳುತ್ತಿದ್ದರು. "ಕಾಮಿಶಿಬಾಯಿ", ಎಂದರೆ ಕಾಗದದ ನಾಟಕ, ಅದರ ಹೆಸರು. ಚಿತ್ರ ನಿಂತಿರುತ್ತದೆ, ಮಾತು ನಡೆಯುತ್ತದೆ: ಗಣಕಯಂತ್ರದ ಕಾದಂಬರಿಯ ಗುಟ್ಟೂ ಇದೇ. 1983ರಲ್ಲಿ ಹೊರಿಯಿ ಯೂಜಿ ಎಂಬಾತ ರಚಿಸಿದ ಪತ್ತೇದಾರಿ ಕೃತಿ "ಪೋರ್ಟೋಪಿಯ" ಈ ದಾರಿಯನ್ನು ತೆರೆಯಿತು. 1992ರಲ್ಲಿ ಚುನ್‌ಸಾಫ್ಟ್ ಎಂಬ ಸಂಸ್ಥೆ "ಒತೊಗಿರಿಸೋ" ಎಂಬ ಭಯಾನಕ ಕಥೆಯನ್ನು ಹೊರತಂದು ಅದನ್ನು "ಶಬ್ದಕಾದಂಬರಿ" ಎಂದು ಕರೆಯಿತು. 1996ರಲ್ಲಿ ಲೀಫ್ ಎಂಬ ಸಂಸ್ಥೆ ತನ್ನ ಮಾಲೆಗೆ "ವಿಷುಯಲ್ ನಾವೆಲ್" ಎಂಬ ಹೆಸರಿಟ್ಟಿತು, ಹೆಸರು ನಿಂತಿತು.

ಇವುಗಳಲ್ಲಿ ನನಗೆ ವಿಶೇಷವಾಗಿ ಕಂಡದ್ದು 1994ರ "ಕಾಮಾಯಿತಾಚಿ ನೊ ಯೊರು". ಹಿಮ ಮುಚ್ಚಿದ ಬೆಟ್ಟದ ವಸತಿಗೃಹವೊಂದರಲ್ಲಿ ನಡೆಯುವ ಕೊಲೆಯ ಕಥೆ ಅದು. ಬರೆದವನು ಅಬಿಕೊ ತಾಕೆಮಾರು ಎಂಬ ಪತ್ತೇದಾರಿ ಕಾದಂಬರಿಕಾರ. ಅದರಲ್ಲಿ ಯಾವ ಪಾತ್ರಕ್ಕೂ ಮುಖವಿಲ್ಲ. ಎಲ್ಲರೂ ಬರಿಯ ನೀಲಿ ನೆರಳುಗಳು. ಮುಖವನ್ನು ಬರೆದುಕೊಳ್ಳುವ ಕೆಲಸ ಓದುಗನದು. ಇದನ್ನು ಕೇಳಿದ ಕೂಡಲೇ ನಮ್ಮ ತೊಗಲು ಗೊಂಬೆಯಾಟ ನೆನಪಾಗದೆ ಇರದು. ನಮ್ಮ ಗೊಂಬೆಗಳು ಬಣ್ಣದ ನೆರಳುಗಳು. ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶವನ್ನೇ ಕೊರೆದ ದೊಡ್ಡ ಗೊಂಬೆಗಳೂ ಉಂಟು. ಅವು ಅಲುಗುವುದು ಅಲ್ಪ. ಕಥೆಯನ್ನು ನಡೆಸುವುದು ಪರದೆಯ ಹಿಂದಿನ ಹಾಡು, ಮಾತು, ಮದ್ದಲೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ದೊರೆತಾಗ ನಾಡೇ ಸಂತೋಷಪಟ್ಟಿತು. ನಿಂತ ಚಿತ್ರ, ನಡೆಯುವ ಮಾತು, ಕತ್ತಲಲ್ಲಿ ಕೂತ ಕೇಳುಗ: ಈ ಕೂಟ ನಮಗೆ ಹೊಸದಲ್ಲ. ಮಧುಗಿರಿ, ಪಾವಗಡಗಳ ಕಡೆಯವರು ಗಡಿಯಾಚೆಯ ಲೇಪಾಕ್ಷಿಗೆ ಹೋದರೆ ಹದಿನಾರನೆಯ ಶತಮಾನದಲ್ಲಿ ವೀರಭದ್ರನ ಗುಡಿಯ ಚಾವಣಿಯ ಮೇಲೆ ಕಿರಾತಾರ್ಜುನರ ಕಥೆಯನ್ನು ಪಟ್ಟಿಪಟ್ಟಿಯಾಗಿ ಬರೆದಿರುವುದನ್ನು ಇಂದಿಗೂ ಕಾಣಬಹುದು. ಕುತ್ತಿಗೆ ನೋಯುವವರೆಗೆ ತಲೆಯೆತ್ತಿ ಅದನ್ನು ಓದಿದವರು ಚಿತ್ರಕಾದಂಬರಿಯ ಓದುಗರಲ್ಲವೆ?

ಈಗ ನಮ್ಮ ಹುಡುಗರ ವಿಷಯ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಹೆಸರನ್ನು ಕೇಳದವರು ಕಡಿಮೆ. ಅಲ್ಲಿನ ಮಹಾಲಕ್ಷ್ಮಿಯ ದರ್ಶನಕ್ಕೆಂದು ಬರುವ ಜನದಿಂದ ಶುಕ್ರವಾರಗಳಲ್ಲಿ ಆ ದಾರಿಯ ಬಸ್ಸುಗಳಲ್ಲಿ ನಿಲ್ಲಲು ಸ್ಥಳವಿರುವುದಿಲ್ಲ. ಅಂಥ ಬಸ್ಸಿನಲ್ಲಿಯೇ ತರಗತಿಗೆ ಬರುವ ವಿದ್ಯಾರ್ಥಿಯೊಬ್ಬನ ತಂದೆ ಒಂದು ದಿನ ನನ್ನಲ್ಲಿ ದೂರು ತಂದರು. "ಮೇಷ್ಟ್ರೇ, ರಾತ್ರಿಯೆಲ್ಲಾ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾನೆ. ಅದ್ಯಾವುದೋ ಜಪಾನಿನ ಬೊಂಬೆ ಆಟವಂತೆ. ನೀವಾದರೂ ಒಂದು ಮಾತು ಹೇಳಿ" ಎಂದರು. ಹುಡುಗನನ್ನು ಕರೆದು ಕೇಳಿದೆ. "ಆಟ ಅಲ್ಲ ಸಾರ್, ಓದೋದೇ ಜಾಸ್ತಿ" ಎಂದು ಒಂದು ನೋಟುಪುಸ್ತಕವನ್ನು ಮುಂದಿಟ್ಟ. ಅದರ ಪುಟಗಳಲ್ಲಿ ಮರದ ಕೊಂಬೆಗಳಂತೆ ಕಥೆಯ ಕವಲುಗಳನ್ನು ಬರೆದಿದ್ದಾನೆ. ಮುಂದಕ್ಕೆ ಹೋಗದೆ ಒಣಗುವ ಕೊಂಬೆಗಳಿಗೆ ಕೆಂಪು ಶಾಯಿ. ಅಂಚಿನಲ್ಲಿ ತನಗೆ ತಿಳಿಯದ ಇಂಗ್ಲಿಷ್ ಪದಗಳು, ಎದುರಿಗೆ ಕನ್ನಡದ ಅರ್ಥ. ಪಠ್ಯಪುಸ್ತಕಕ್ಕೆ ಇಂಥ ಟಿಪ್ಪಣಿಯನ್ನು ಬರೆದುಕೊಳ್ಳುವ ವಿದ್ಯಾರ್ಥಿ ಸಿಕ್ಕಿದರೆ ಯಾವ ಅಧ್ಯಾಪಕ ತಾನೆ ಹಿಗ್ಗುವುದಿಲ್ಲ?

ಅವನು ಓದುತ್ತಿದ್ದುದು 2009ರಲ್ಲಿ ಬಂದ "ಸ್ಟೈನ್ಸ್ ಗೇಟ್". ಟೋಕಿಯೋ ನಗರದ ಒಬ್ಬ ವಿಚಿತ್ರ ಯುವಕ, ಕಳೆದುಹೋದ ಕಾಲಕ್ಕೆ ಸಂದೇಶ ಕಳುಹಿಸುವ ಉಪಾಯವನ್ನು ಆಕಸ್ಮಿಕವಾಗಿ ಕಂಡುಕೊಳ್ಳುತ್ತಾನೆ. ಸ್ನೇಹಿತರು ಒಬ್ಬೊಬ್ಬರಾಗಿ ತಮ್ಮ ತಮ್ಮ ಹಿಂದಿನ ದುಃಖವನ್ನು ತಿದ್ದಿಕೊಳ್ಳುತ್ತಾರೆ. ಆದರೆ ಆ ತಿದ್ದುಪಡಿಗಳ ಫಲವಾಗಿ ಅವನ ಬಾಲ್ಯದ ಗೆಳತಿ ಸಾಯಬೇಕಾಗುತ್ತದೆ. ಅವಳನ್ನು ಉಳಿಸಬೇಕಾದರೆ ಒಂದೊಂದೇ ತಿದ್ದುಪಡಿಯನ್ನು ಅಳಿಸಬೇಕು. ಎಂದರೆ, ಈಡೇರಿದ ಒಬ್ಬೊಬ್ಬರ ಆಸೆಯನ್ನೂ ತನ್ನ ಕೈಯಿಂದಲೇ ಕಿತ್ತುಕೊಳ್ಳಬೇಕು. ನಡುವೆ ಯಾರಾದರೊಬ್ಬರ ಮೇಲೆ ಕರುಣೆ ತೋರಿ ನಿಂತರೆ ಕಥೆ ಅಲ್ಲಿಯೇ ಮುಗಿಯುತ್ತದೆ. ಇದು ಹುಡುಗಾಟವಲ್ಲ, ಧರ್ಮಸಂಕಟ. ಇದನ್ನು ಓದುವಾಗ ನನಗೆ ನೆನಪಾದದ್ದು ಜನ್ನನ "ಯಶೋಧರ ಚರಿತೆ". ಹಿಟ್ಟಿನ ಕೋಳಿಯೊಂದನ್ನು ಬಲಿ ಕೊಟ್ಟ ಸಂಕಲ್ಪಹಿಂಸೆಯ ಒಂದೇ ಒಂದು ಕ್ಷಣ. ಅದರಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯಬೇಕಾಯಿತು. ಆಯ್ಕೆ ಚಿಕ್ಕದು, ಫಲ ದೊಡ್ಡದು ಎಂಬ ಅರಿವು ಎರಡು ಕೃತಿಗಳಲ್ಲಿಯೂ ಒಂದೇ.

ಕವಲೊಡೆದ ಕಥೆಯಲ್ಲಿ ರಸ ನಿಲ್ಲುವುದಿಲ್ಲ ಎಂಬ ಆಕ್ಷೇಪಣೆಯುಂಟು. ಕೃತಿಗೆ ಒಂದು ಅಂಗಿರಸವಿರಬೇಕು, ಒಂದು ನಿರ್ವಹಣವಿರಬೇಕು. ಮೂರು ನಾಲ್ಕು ಮುಕ್ತಾಯಗಳಿದ್ದರೆ ಯಾವುದನ್ನು ನಂಬುವುದು? ಆಕ್ಷೇಪಣೆ ಬಲವಾದದ್ದೇ. ಆದರೆ ನಮ್ಮ ಸಾಹಿತ್ಯದ ನಡಾವಳಿಯನ್ನು ನೋಡಿ. ವ್ಯಾಸರ ದ್ರೌಪದಿ ಐವರ ಹೆಂಡತಿ. ಪಂಪನ ದ್ರೌಪದಿ ಅರ್ಜುನನೊಬ್ಬನಿಗೇ ಸಲ್ಲುವವಳು. ವಾಲ್ಮೀಕಿಯ ರಾವಣನನ್ನು ಕೊಂದವನು ರಾಮ. ನಾಗಚಂದ್ರನ ರಾವಣ ಮನಸ್ಸಿನಲ್ಲಿ ಪಶ್ಚಾತ್ತಾಪಪಟ್ಟು, ಕೊನೆಗೆ ಲಕ್ಷ್ಮಣನ ಕೈಯಲ್ಲಿ ಮಡಿಯುತ್ತಾನೆ. ಒಂದೇ ಕಥೆಯ ಕವಲುಗಳನ್ನು ನಮ್ಮಲ್ಲಿ ಬೇರೆ ಬೇರೆ ಕವಿಗಳು ಬೇರೆ ಬೇರೆ ಶತಮಾನಗಳಲ್ಲಿ ಬರೆದರು. ಸಹೃದಯನು ಎಲ್ಲವನ್ನೂ ಓದಿ, ಒಂದರ ಬೆಳಕಿನಲ್ಲಿ ಇನ್ನೊಂದನ್ನು ಕಂಡ. ಜಪಾನಿನವರು ಆ ಕವಲುಗಳನ್ನು ಒಂದೇ ಕೃತಿಯೊಳಗೆ ಇಟ್ಟರು, ಅಷ್ಟೆ. 2004ರ "ಫೇಟ್ ಸ್ಟೇ ನೈಟ್" ಎಂಬ ಕೃತಿಗೆ ಮೂರು ದಾರಿಗಳಿವೆ. ಅವನ್ನು ಗೊತ್ತಾದ ಕ್ರಮದಲ್ಲಿಯೇ ಓದಬೇಕು. ಲೋಕದವರನ್ನೆಲ್ಲ ಉಳಿಸಬೇಕೆಂಬ ನಾಯಕನ ಆದರ್ಶ ಮೊದಲ ದಾರಿಯಲ್ಲಿ ಮೆರೆಯುತ್ತದೆ, ಎರಡನೆಯದರಲ್ಲಿ ಪ್ರಶ್ನೆಗೊಳಗಾಗುತ್ತದೆ, ಮೂರನೆಯದರಲ್ಲಿ ಒಬ್ಬಳ ಮೇಲಿನ ಪ್ರೀತಿಯ ಮುಂದೆ ಮುರಿಯುತ್ತದೆ. ಮೂರನ್ನೂ ಓದಿದ ಮೇಲೆ ಉಳಿಯುವ ರಸ ಒಂದೇ. ಬರೆದವನಿಗೆ ಶಕ್ತಿಯಿದ್ದರೆ ಕವಲುಗಳು ಮರವನ್ನು ಮುರಿಯುವುದಿಲ್ಲ.

ಆಯ್ಕೆಯೇ ಇಲ್ಲದ ದೃಶ್ಯಕಾದಂಬರಿಗಳೂ ಉಂಟು. ಅವುಗಳಲ್ಲಿ ಹೆಸರಾದದ್ದು "ಹಿಗುರಾಶಿ ನೊ ನಾಕು ಕೊರೊ ನಿ". ರ್ಯೂಕಿಶಿ07 ಎಂಬ ಹೆಸರಿನಲ್ಲಿ ಬರೆಯುವ ಲೇಖಕ ಅದನ್ನು ಚಿಕ್ಕದೊಂದು ತಂಡದೊಡನೆ ರಚಿಸಿ 2002ರಿಂದ 2006ರವರೆಗೆ ಎಂಟು ಭಾಗಗಳಲ್ಲಿ ಹೊರತಂದ. 1983ರ ಜೂನ್ ತಿಂಗಳು, ಬೆಟ್ಟಗಳ ನಡುವಿನ ಒಂದು ಹಳ್ಳಿ. ಅಣೆಕಟ್ಟಿನ ನೀರಿನಲ್ಲಿ ಮುಳುಗಬೇಕಾಗಿದ್ದ ಊರನ್ನು ಜನ ಹೋರಾಡಿ ಉಳಿಸಿಕೊಂಡಿದ್ದಾರೆ. ಆದರೆ ಆ ಹೋರಾಟದ ದ್ವೇಷ ಆರಿಲ್ಲ. ಪ್ರತಿವರ್ಷವೂ ಊರಹಬ್ಬದ ರಾತ್ರಿ ಸಾವುಗಳು. ಅದೇ ಬೇಸಗೆ ಭಾಗಭಾಗಕ್ಕೂ ಮರಳಿ ಬರುತ್ತದೆ, ಅದೇ ಗೆಳೆಯರು ಮತ್ತೆ ಸಾಯುತ್ತಾರೆ. ಸಂಶಯದ ಜಾಗದಲ್ಲಿ ನಂಬಿಕೆ ಬಂದಾಗಲೇ ಬಿಡುಗಡೆ. ಕಥೆಯ ಹಳ್ಳಿಗೆ ಮಾದರಿಯಾದದ್ದು ಗಿಫು ಪ್ರಾಂತದ ಶಿರಕಾವಾ. ಕೈಮುಗಿದಂತೆ ಎತ್ತರಕ್ಕೆ ಕೂಡುವ ಹುಲ್ಲುಛಾವಣಿಯ ಮನೆಗಳಿಗಾಗಿ 1995ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಊರು ಅದು. ಕಾದಂಬರಿಯ ಅಭಿಮಾನಿಗಳು ಅಲ್ಲಿಗೆ ಹೋಗುತ್ತಾರೆ. ಅಲ್ಲಿನ ಗುಡಿಯಲ್ಲಿ ಮರದ ಹರಕೆಯ ಹಲಗೆಗಳ ಮೇಲೆ ಪಾತ್ರಗಳ ಚಿತ್ರ ಬರೆದು ತೂಗುಹಾಕುತ್ತಾರೆ. ಇದಕ್ಕೆ ಅವರು ಕೊಟ್ಟಿರುವ ಹೆಸರು "ಪುಣ್ಯಕ್ಷೇತ್ರಯಾತ್ರೆ" ಎಂದೇ.

ಹರಕೆ ಹೊತ್ತ ಜನ ತುಂಬಿದ ಬಸ್ಸಿನಲ್ಲಿ ದಿನವೂ ಓಡಾಡುವವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಕಲ್ಪನೆಯ ಊರಿಗಾಗಿ ನಿಜವಾದ ಊರಿಗೆ ನಡೆಯುವುದು ಹುಚ್ಚೆಂದು ನಗುವವರು, ರಾಮ ನಡೆದನೆಂದು, ಭೀಮ ಉಂಡನೆಂದು, ಪಾಂಡವರು ತಂಗಿದರೆಂದು ನಮ್ಮ ಬೆಟ್ಟಬೆಟ್ಟದ ಬಂಡೆಗಳಿಗೆ ಇಟ್ಟಿರುವ ಹೆಸರುಗಳನ್ನು ಒಮ್ಮೆ ನೆನೆಯಲಿ. ಕಥೆ ಮನಸ್ಸಿನಲ್ಲಿ ಬಲವಾಗಿ ಬೇರೂರಿದರೆ ನೆಲವನ್ನು ಕೇಳುತ್ತದೆ.

ಹಾಗೆಂದು ಎಲ್ಲವನ್ನೂ ಹೊಗಳಬೇಕಾಗಿಲ್ಲ. ಈ ಹೆಸರಿನಲ್ಲಿ ಬರುವ ಕೃತಿಗಳಲ್ಲಿ ಜೊಳ್ಳು ಬಹಳ. ಹೆಣ್ಣನ್ನು ಬರಿಯ ಬೊಂಬೆಯಾಗಿ ಕಾಣುವವು, ಕಾಮವನ್ನೇ ಬಂಡವಾಳ ಮಾಡಿಕೊಂಡವು ಲೆಕ್ಕವಿಲ್ಲದಷ್ಟಿವೆ. ಪ್ರಸಿದ್ಧವಾದ ಕೆಲವು ಕೃತಿಗಳೂ ಮೊದಲು ವಯಸ್ಕರಿಗೆಂದೇ ಹೊರಟವು. ತಂದೆತಾಯಿಗಳ ಆತಂಕ ನಿರಾಧಾರವಾದದ್ದಲ್ಲ. ರಾತ್ರಿಯ ನಿದ್ರೆಯನ್ನು ಕಳೆಯುವ ಯಾವ ಓದೂ ಹಗಲಿನ ಪಾಠಕ್ಕೆ ಹಿತವಲ್ಲವೆಂದು ಆ ಹುಡುಗನಿಗೂ ಹೇಳಿದೆ. ಆದರೆ ಜೊಳ್ಳಿದೆಯೆಂದು ಯಾರೂ ರಾಗಿಯನ್ನು ಬಿಟ್ಟವರಿಲ್ಲ. ಕೇರಿ ಕೊಡಲು ಮೊರವನ್ನು ಬಲ್ಲವರು ಬೇಕು. ಅಧ್ಯಾಪಕರೂ ಇವನ್ನು ಓದಬೇಕೆಂದು ನಾನು ಹೇಳುವುದು ಆ ಕಾರಣಕ್ಕೆ.

ಹುಡುಗ ಹೊರಡುವ ಮುನ್ನ ಕೇಳಿದ ಪ್ರಶ್ನೆ ಇನ್ನೂ ನನ್ನನ್ನು ಕಾಡುತ್ತಿದೆ: "ಇವನ್ನ ಕನ್ನಡದಲ್ಲಿ ಓದೋಕೆ ಯಾಕಾಗಲ್ಲ ಸಾರ್?" ಅವನ ಇಂಗ್ಲಿಷ್ ತೊಡಕಿನದು. ಅರ್ಧ ಊಹಿಸಿ ಓದುತ್ತಾನೆ. ಕಣ್ಣೀರು ಬರಬೇಕಾದ ಸಾಲಿನಲ್ಲಿ ನಿಘಂಟನ್ನು ತೆರೆಯಬೇಕಾದ ಸಂಕಟ ಎಂಥದೆಂಬುದನ್ನು ಬಲ್ಲವರೇ ಬಲ್ಲರು. ಮಾತೃಭಾಷೆಯಲ್ಲಿ ದೊರೆಯದ ರಸಕ್ಕಾಗಿ ತರುಣರು ಬೇರೆ ಭಾಷೆಯ ಬಾಗಿಲಲ್ಲಿ ನಿಂತರೆ, ನಿಧಾನವಾಗಿ ಮಾತೃಭಾಷೆ ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿಯುತ್ತದೆ. ಈ ನಷ್ಟ ಆ ಹುಡುಗನದಷ್ಟೇ ಅಲ್ಲ.

ಇಂಗ್ಲಿಷಿಗೆ ಇವು ಹೇಗೆ ಬಂದವೆಂಬುದನ್ನು ನೋಡಿದರೆ ನಮಗೊಂದು ದಾರಿ ಕಾಣುತ್ತದೆ. "ಫೇಟ್ ಸ್ಟೇ ನೈಟ್"ನ ಅಧಿಕೃತ ಇಂಗ್ಲಿಷ್ ರೂಪ ಹೊರಬಂದದ್ದು 2024ರಲ್ಲಿ. ಅದಕ್ಕೆ ಹದಿನಾರು ವರ್ಷ ಮೊದಲೇ, 2008ರಲ್ಲಿ, ರಸಿಕರ ತಂಡವೊಂದು ಅಷ್ಟು ದೊಡ್ಡ ಕೃತಿಯನ್ನು ಪ್ರೀತಿಗಾಗಿ ಪೂರ್ತಿ ಅನುವಾದಿಸಿ ಮುಗಿಸಿತ್ತು. ನಮಗೂ ಇದು ಹೊಸ ಪಾಠವಲ್ಲ. ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದವರಲ್ಲಿ ಬಂಗಾಳಿಯಿಂದ ಅನುವಾದಿಸಿದ ಬಿ. ವೆಂಕಟಾಚಾರ್ಯರು ಅಗ್ರಗಣ್ಯರು. ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ "ಇಂಗ್ಲಿಷ್ ಗೀತಗಳು" ಎಂಬ ಅನುವಾದದಿಂದಲೇ ಹೊಸ ಕಾವ್ಯದ ಬಾಗಿಲನ್ನು ತೆರೆದರು. ಬೇರೆ ತೋಟದ ಸಸಿಯನ್ನು ತಂದು ನೆಡಲು ನಮ್ಮ ಹಿರಿಯರು ಎಂದೂ ನಾಚಲಿಲ್ಲ.

ಸಾಧನವೂ ಇಂದು ಸುಲಭವಾಗಿದೆ. ಟಾಮ್ ರೊಥಾಮೆಲ್ ಎಂಬ ಅಮೆರಿಕನ್ ತಂತ್ರಜ್ಞ 2004ರಲ್ಲಿ ಹೊರತಂದ "ರೆನ್‌ಪೈ" ಎಂಬ ತಂತ್ರಾಂಶ ಎಲ್ಲರಿಗೂ ಉಚಿತ. ಹೆಚ್ಚಿನ ಗಣಿತವನ್ನರಿಯದವರೂ ಅದರಿಂದ ದೃಶ್ಯಕಾದಂಬರಿಯನ್ನು ಕಟ್ಟಬಹುದು. ಕನ್ನಡಕ್ಕೆ ಇದ್ದ ತೊಡಕು ಒತ್ತಕ್ಷರದ್ದು: ಲಿಪಿಯ ಕೂಡಿಕೆಯನ್ನರಿಯದ ಯಂತ್ರ "ಕ್ಷ" ಎಂಬುದನ್ನು ಒಡೆದು ಚೆಲ್ಲುತ್ತಿತ್ತು. ಅದರ ಈಚಿನ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳನ್ನು ಕೂಡಿಸುವ ವ್ಯವಸ್ಥೆಯೂ ಸೇರಿದೆ. ಇನ್ನು ಬೇಕಾದದ್ದು ಬರೆಯುವವರು, ಚಿತ್ರ ಬಿಡಿಸುವವರು, ಹಾಡುವವರು. ಇವರಲ್ಲಿ ಯಾರಿಗೂ ನಮ್ಮ ಕಾಲೇಜುಗಳಲ್ಲಿ ಬರವಿಲ್ಲ. ಗಮಕಿಯ ದನಿ, ತೊಗಲು ಗೊಂಬೆಯ ನೆರಳು, ಬತ್ತುತ್ತಿರುವ ಕೆರೆಯ ದಡದ ಒಂದು ಊರು, ಓದುಗನನ್ನು ನಿಲ್ಲಿಸಿ ಕೇಳುವ ಒಂದು ಕಠಿಣವಾದ ಪ್ರಶ್ನೆ: ಇಷ್ಟು ಸಾಕು, ಕನ್ನಡದ ಮೊದಲ ಸಾಲಿಗೆ.

ಅಭಿಮಾನಿಯೋ, ಒತಾಕುವೋ, ರಸಿಕನೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳವಾದದ್ದು. ಅಂಚಿನಲ್ಲಿ ಅರ್ಥ ಬರೆದುಕೊಂಡು, ಕವಲುಕವಲನ್ನೂ ನಡೆದುನೋಡಿ, ಕಥೆಯೊಂದರ ದುಃಖಕ್ಕೆ ನಿದ್ದೆಗೆಡುವವನನ್ನು ನಮ್ಮ ಪೂರ್ವಿಕರು ಸಹೃದಯನೆಂದರು. ಹೆಸರು ಸಿದ್ಧವಾಗಿಯೇ ಇದೆ. ಅವನ ಕೈಗೆ ಕನ್ನಡದ ಕೃತಿಯನ್ನು ಕೊಡುವ ಹೊಣೆ ಬರೆಯಬಲ್ಲ ನಮ್ಮದು.